ನಾಲ್ಕು ಬೆರಳು ಗಾಳಿ

ಗುದ್ದಣ್ಣ ಕಾಲೆತ್ತಿದರೆ ರಕ್ತ ಹರಿಯುತ್ತದೆ ಎಂದು ಸಿನಿಮಾ ಮಂದಿ ಹೇಳುತ್ತಿದ್ದರು. ಆ ಬೆಳಿಗ್ಗೆ ಅವನು ಕಾಲೆತ್ತಿದ. ಹರಿದದ್ದು ಮಾತ್ರ ಪ್ಯಾಂಟು.

ಪ್ಯಾಂಟು ಎಂದರೂ ತಪ್ಪೇ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ತುಂಡಾಗಿ, ಮೈಗೆ ಬಳಿದ ಹಾಗೆ ಅಂಟಿಕೊಂಡ ಕಪ್ಪು ಸೂಟು ಅದು. ಅದರ ಮೇಲೆ ಕೀಲುಕೀಲಿಗೂ ಗೋಲಿಯಷ್ಟು ದಪ್ಪದ ಬೂದು ಗುಂಡುಗಳನ್ನು ಅಂಟಿಸಿದ್ದರು. ತಾಲೀಮಿನ ಹಾಲಿನ ಗೋಡೆಗಳ ಸುತ್ತ ಎತ್ತರದಲ್ಲಿ ಕೂತ ಕ್ಯಾಮೆರಾಗಳಿಗೆ ಮನುಷ್ಯ ಬೇಕಾಗಿರಲಿಲ್ಲ, ಗುಂಡುಗಳಷ್ಟೇ ಸಾಕಾಗಿತ್ತು. ಗುಂಡುಗಳು ಹೋದ ದಾರಿಯನ್ನು ಕಂಪ್ಯೂಟರು ನೆನಪಿಟ್ಟುಕೊಂಡು ಪರದೆಯ ಮೇಲೆ ಒಬ್ಬ ಕಡ್ಡಿಮನುಷ್ಯನನ್ನು ಕುಣಿಸುತ್ತಿತ್ತು. ಇದಕ್ಕೆ ಮೋಷನ್ ಕ್ಯಾಪ್ಚರ್ ಎನ್ನುತ್ತಾರೆಂದು ಇಂಜಿನಿಯರ್ ಹುಡುಗಿ ಗುದ್ದಣ್ಣನಿಗೆ ವಿವರಿಸಿದ್ದಳು. ಗುದ್ದಣ್ಣನ ಹೊಟ್ಟೆಯ ವಿಚಾರವನ್ನು ಸೂಟು ಹೊಲಿದವರಿಗೆ ಯಾರೂ ವಿವರಿಸಿರಲಿಲ್ಲ. ಪರ್ರ್ ಎಂದು ಹಿಂಭಾಗದ ಹೊಲಿಗೆ ಬಿಟ್ಟುಕೊಂಡಿತು. ಸೊಂಟದ ಗುಂಡು ಚಿಮ್ಮಿ ಹೋಗಿ ಛಾವಣಿಯ ದೀಪದ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಪರದೆಯ ಮೇಲಿನ ಕಡ್ಡಿಮನುಷ್ಯನ ಸೊಂಟವೂ ದೇಹವನ್ನು ಅಲ್ಲೇ ಬಿಟ್ಟು ಮೇಲೇರಿ ನಿಂತಿತು. ನೋಡಲು ಬಂದಿದ್ದ ಕಲಾಶಾಲೆಯ ಹುಡುಗಿಯರಿಗೆ ಪರದೆಯನ್ನು ನೋಡಬೇಕೋ, ಗುದ್ದಣ್ಣನ ಪಟ್ಟೆಪಟ್ಟೆ ಚಡ್ಡಿಯನ್ನು ನೋಡಬೇಕೋ ತಿಳಿಯಲಿಲ್ಲ.

"ಭಾವ, ನಿಮ್ಮ ಸೊಂಟ ಅಟ್ಟ ಹತ್ತಿದೆ. ಏಣಿ ತರಲಾ?" ಎಂದ ಬಿದ್ದಣ್ಣ.

"ಮೊದ್ಲು ನನ್ನ ಹಿಂದೆ ಬಂದು ನಿಂತ್ಕೊಳೋ. ಆಮೇಲೆ ಹಲ್ಲು ಕಿರಿ."

ಇವು ಇಬ್ಬರಿಗೂ ಹೆತ್ತವರು ಇಟ್ಟ ಹೆಸರುಗಳಲ್ಲ. ಸಿನಿಮಾದ ಹೊಡೆದಾಟದ ಗುಂಪಿನಲ್ಲಿ ಒಬ್ಬ ಗುದ್ದುತ್ತಿದ್ದ, ಇನ್ನೊಬ್ಬ ಬೀಳುತ್ತಿದ್ದ, ಹೆಸರುಗಳು ತಾವಾಗಿಯೇ ಬಂದವು. ತೆರೆಯ ಮೇಲೆ ಹೀರೋನ ಬೆನ್ನು ಕಂಡು, ಬೆನ್ನಿನಾಚೆ ಒಂದು ಮುಷ್ಟಿ ಹೋಗಿ, ಖಳನೊಬ್ಬ ಗಾಜು ಒಡೆದುಕೊಂಡು ಮಹಡಿಯಿಂದ ಉರುಳಿದರೆ, ಅದರಲ್ಲಿ ಮುಖ ಮಾತ್ರ ಹೀರೋನದು. ಬೆನ್ನೂ ಮುಷ್ಟಿಯೂ ಗುದ್ದಣ್ಣನವು, ಉರುಳಿದ್ದು ಬಿದ್ದಣ್ಣ. ಒಬ್ಬ ಎಷ್ಟು ಜನರ ಪಕ್ಕೆಲುಬು ಮುರಿದನೋ, ಇನ್ನೊಬ್ಬ ಎಷ್ಟು ಸಲ ಸತ್ತನೋ ಲೆಕ್ಕವಿಟ್ಟವರಿಲ್ಲ. ಇಷ್ಟಾದರೂ ಗುದ್ದಣ್ಣನ ಮುಷ್ಟಿ ಬಿದ್ದಣ್ಣನ ಮೈಗೆ ಒಮ್ಮೆಯೂ ಸೋಕಿರಲಿಲ್ಲ.

ಅದೇ ಅವರ ವಿದ್ಯೆ. ಮುಷ್ಟಿಗೂ ದವಡೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ಗುಂಪಿನವರು ಅದನ್ನು 'ಗಾಳಿ' ಎನ್ನುತ್ತಿದ್ದರು. ಸಿನಿಮಾ ಕ್ಯಾಮೆರಾವನ್ನು ಬೆನ್ನಿನ ಹಿಂದಿಟ್ಟರೆ ಗಾಳಿ ಕಾಣುವುದಿಲ್ಲ. ಏಟು ತಿನ್ನುವವನು ಮುಷ್ಟಿಯ ಮೇಲೆ ಕಣ್ಣಿಟ್ಟಿದ್ದು, ಅದು ನಿಂತ ಗಳಿಗೆಗೇ ತಲೆ ಹೊರಳಿಸಬೇಕು. ಹೊಡೆಯುವವನದು ಅರ್ಧ ಕೆಲಸ, ನಂಬುವವನದು ಉಳಿದರ್ಧ. ಇದರ ಜೊತೆಗೆ ಗುಂಪಿಗೊಂದು ಕಟ್ಟುಪಾಡಿತ್ತು. ಗಾಳಿಯ ಮಾತು ಹೊರಗಿನವರ ಹತ್ತಿರ ಆಡಕೂಡದು. ಯಾರಾದರೂ "ನಿಜವಾಗ್ಲೂ ತಾಗುತ್ತಾ?" ಎಂದು ಕೇಳಿದರೆ ಹೊಡೆದವನು ಮೀಸೆ ತಿರುವಬೇಕು, ತಿಂದವನು ದವಡೆ ಸವರಿಕೊಳ್ಳಬೇಕು. ಗುಂಪಿನ ಮಾಸ್ಟರು ಇದನ್ನು ಹೇಳಿಕೊಟ್ಟಿದ್ದು ಮೊದಲ ಗುದ್ದು ಕಲಿಸುವುದಕ್ಕೂ ಮುಂಚೆ.

ತಾಗುವ ಏಟು ಹೇಗಿರುತ್ತದೆಂದು ಗುದ್ದಣ್ಣನಿಗೆ ಗೊತ್ತಿರಲಿಲ್ಲ ಎಂದಲ್ಲ. ಅವನ ಅಪ್ಪ ಲಾರಿ ರಿಪೇರಿ ಮಾಡುತ್ತಿದ್ದ. ಕೈಗೆ ಸಿಕ್ಕಿದ ಹಳೆಯ ಫ್ಯಾನ್ ಬೆಲ್ಟಿನಿಂದ ಮಗನನ್ನೂ ರಿಪೇರಿ ಮಾಡುತ್ತಿದ್ದ. ಆ ಬೆಲ್ಟಿಗೂ ಬೆನ್ನಿಗೂ ನಡುವೆ ಗಾಳಿ ಇರಲಿಲ್ಲ. ಒಂದು ಸಲ ಬೆಲ್ಟಿನ ತುದಿ ಕಿವಿಯ ಹಾಲೆಯನ್ನೇ ಸೀಳಿತು; ಸೊಂಟದ ಗುಂಡು ಸಿಕ್ಕಿಕೊಂಡ ದಿನ ಇಂಜಿನಿಯರ್ ಹುಡುಗಿ ಆ ಸೀಳನ್ನು ನೋಡಿ "ಸ್ಟಂಟ್ ಮಾಡುವಾಗ ಆಗಿದ್ದಾ ಅಂಕಲ್?" ಎಂದು ಕೇಳಿದ್ದಳು. ಗುದ್ದಣ್ಣ ಹೌದೆಂದಿದ್ದ. ಮೀಸೆ ಬರುವ ವಯಸ್ಸಿಗೆ ಮನೆ ಬಿಟ್ಟು ಹೊಡೆದಾಟದ ಗುಂಪು ಸೇರಿದಾಗ ಅವನಿಗೆ ಸೋಜಿಗವಾದದ್ದು ಒಂದೇ. ಇಲ್ಲಿ ಇಷ್ಟೊಂದು ಜನ ದಿನವಿಡೀ ಹೊಡೆದಾಡಿ, ಸಂಜೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ಮನೆಗೆ ಹೋಗುತ್ತಾರಲ್ಲ!

ಅವನ ಮದುವೆಯೂ ಇದೇ ಗಾಳಿಯಿಂದಾದದ್ದು. ತಮ್ಮನನ್ನು ತೆರೆಯ ಮೇಲೆ ಯಾರೋ ಹಣ್ಣುಗಾಯಿ ನೀರುಗಾಯಿ ಮಾಡಿದ್ದನ್ನು ನೋಡಿದ ಬಿದ್ದಣ್ಣನ ಅಕ್ಕ, ಮರುದಿನ ನೇರ ಶೂಟಿಂಗಿನ ಜಾಗಕ್ಕೆ ಬಂದು, "ನನ್ನ ತಮ್ಮನ್ನ ಹೊಡೆದೋನು ಯಾವನು?" ಎಂದು ಕೇಳಿದಳು. ಗುದ್ದಣ್ಣ ಕಟ್ಟುಪಾಡಿನಂತೆ ಮೀಸೆ ತಿರುವಿದ. ಅವಳ ಕೈಯಲ್ಲಿ ಅರ್ಧ ಇಟ್ಟಿಗೆ ಇದ್ದದ್ದನ್ನು ನೋಡಿರಲಿಲ್ಲ. ಹಣೆಗೆ ಹೊಲಿಗೆ ಬಿತ್ತು. ಗುಂಪಿನವರು ಅದನ್ನು ಮೊದಲ ಏಟಿನ ಪ್ರೇಮ ಎಂದು ಕರೆದರು. ಮದುವೆಯಾದ ಮೇಲೆ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ರೀ, ಹೊಡೆಯೋದು ನಿಮ್ಮ ಹೊಟ್ಟೆಪಾಡು, ಬೇಡ ಅನ್ನಲ್ಲ. ಆದ್ರೆ ಅವನ ಮೈಮೇಲೆ ಒಂದು ಗೀರು ಬಿದ್ದ ದಿನ ನೀವು ಹೊರಗೇ ಮಲಗಬೇಕು."

ಕಲಾತಂಡದವರು ಇಬ್ಬರನ್ನೂ ಹುಡುಕಿಕೊಂಡು ಬಂದದ್ದು ಸಿನಿಮಾದಲ್ಲಿ ಕೆಲಸ ಕಡಿಮೆಯಾಗಿದ್ದ ಕಾಲಕ್ಕೆ. ತಂಡದ ನಿರ್ದೇಶಕಿ ಮೊದಲು ನೃತ್ಯ ಮಾಡುತ್ತಿದ್ದವಳು. ಮಂಡಿ ಕೈಕೊಟ್ಟ ಮೇಲೆ ಯಂತ್ರಗಳನ್ನು ಕುಣಿಸುವುದಕ್ಕೆ ತೊಡಗಿದ್ದಳು. ಕಾರಿನ ಕಾರ್ಖಾನೆಯಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದ ಹಳದಿ ರೋಬೋಟ್ ತೋಳೊಂದನ್ನು ತಂದು ಹಾಲಿನ ಮಧ್ಯೆ ನೆಲಕ್ಕೆ ಬಿಗಿದು, ತುದಿಗೆ ರಬ್ಬರಿನ ಮುಷ್ಟಿ ತೊಡಿಸಿದ್ದಳು. ಗುದ್ದಣ್ಣನ ಹೊಡೆತಗಳನ್ನು ತೋಳಿಗೆ ಕಲಿಸುವುದು, ಪ್ರದರ್ಶನದ ದಿನ ತೋಳು ಹೊಡೆಯುವುದು, ಬಿದ್ದಣ್ಣ ಬೀಳುವುದು. ಬಿದ್ದಣ್ಣನ ಬದಲು ಯಂತ್ರವನ್ನು ಬೀಳಿಸುವ ಮಾತು ಇರಲಿಲ್ಲ. ಬೀಳುವುದಕ್ಕೆ ಯಂತ್ರಕ್ಕಿನ್ನೂ ಬುದ್ಧಿ ಸಾಲದು ಎಂದು ಅವನು ಬೀಗಿದ.

"ಇದು ಸಹಯೋಗ. ಗೋಡೆ ಮೇಲೆ ಎಲ್ಲರ ಹೆಸರೂ ಒಂದೇ ಅಳತೆಯಲ್ಲಿ ಇರುತ್ತೆ," ಎಂದಿದ್ದಳು ನಿರ್ದೇಶಕಿ.

"ಇವರಿಗೆ ಸಹಯೋಗ, ನನಗೆ ಸಹಿಸೋ ಯೋಗ," ಎಂದು ಬಿದ್ದಣ್ಣ ಭಾವನ ಕಿವಿಯಲ್ಲಿ ಪಿಸುಗುಟ್ಟಿದ. ಆದರೆ ಹೆಸರಿನ ಮಾತು ಕೇಳಿ ಅವನ ಮುಖ ಅರಳಿತ್ತು. ಇಷ್ಟು ವರ್ಷ ಬಿದ್ದವನ ಹೆಸರು ಯಾವ ತೆರೆಯ ಮೇಲೂ ಎದ್ದಿರಲಿಲ್ಲ. ರೋಬೋಟಿನ ತೋಳನ್ನು ಅವನು 'ತೋಳ' ಎಂದು ಕರೆಯತೊಡಗಿದ. ದಿನಾ ಬೆಳಿಗ್ಗೆ ಬಂದ ಕೂಡಲೇ ಅದರ ಹಳದಿ ಬೆನ್ನು ತಟ್ಟಿ, "ಏನಪ್ಪಾ ತೋಳ, ತಿಂಡಿ ಆಯ್ತಾ? ನನ್ನ ತಿನ್ಬೇಡ ಮತ್ತೆ," ಎನ್ನುತ್ತಿದ್ದ.

ಸೂಟಿಗೆ ಹೊಲಿಗೆ ಹಾಕಿಸಿ, ಗುಂಡು ಮತ್ತೆ ಅಂಟಿಸಿ, ಬಿದ್ದಣ್ಣನಿಗೂ ಅಂಥದೇ ಸೂಟು ತೊಡಿಸಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಹೊಡೆದಾಟವನ್ನು ದಾಖಲಿಸಿಕೊಂಡರು. ದವಡೆಗೊಂದು, ಹೊಟ್ಟೆಗೊಂದು, ಕೆನ್ನೆಗೆ ಹಿಂಗೈಯಿಂದೊಂದು. ಮಾರನೆಯ ದಿನ ಇಂಜಿನಿಯರ್ ಹುಡುಗಿ ಹುಬ್ಬು ಗಂಟಿಕ್ಕಿಕೊಂಡು ಬಂದಳು. ಈ ಕ್ಯಾಮೆರಾಗಳು ನಾಲ್ಕೂ ದಿಕ್ಕಿನಿಂದ ನೋಡುತ್ತಿದ್ದವಲ್ಲ, ಬೆನ್ನಿನ ಹಿಂದೆ ಗಾಳಿಯನ್ನು ಬಚ್ಚಿಡುವ ಆಟ ಅವುಗಳ ಮುಂದೆ ನಡೆದಿರಲಿಲ್ಲ.

"ಅಂಕಲ್, ಒಂದು ಡೌಟು. ಪ್ರತಿ ಸಲಾನೂ ನಿಮ್ಮ ಮುಷ್ಟಿ ನಾಲ್ಕು ಬೆರಳು ಹಿಂದೇನೇ ನಿಂತ ಹಾಗೆ ಕಾಣುತ್ತೆ. ನಿಜವಾಗ್ಲೂ ತಾಗಿತ್ತಾ?"

ನಿರ್ದೇಶಕಿ ಅಲ್ಲೇ ಇದ್ದಳು. ಕಲಾಶಾಲೆಯ ಹುಡುಗಿಯರೂ ಇದ್ದರು, ಚಡ್ಡಿಯ ಪಟ್ಟೆಗಳನ್ನು ಅವರಿನ್ನೂ ಮರೆತಿರಲಿಲ್ಲ. ಗುದ್ದಣ್ಣನ ಕೈ ತಾನಾಗಿ ಮೀಸೆಗೆ ಹೋಯಿತು.

"ನನ್ನ ಏಟು ತಾಗದೆ ಇರೋದುಂಟೇನಮ್ಮ? ಅವನನ್ನೇ ಕೇಳು."

ಬಿದ್ದಣ್ಣ ದವಡೆ ಸವರಿಕೊಂಡ. "ರಾತ್ರಿ ಊಟ ಅಗಿಯೋಕೆ ಆಗ್ಲಿಲ್ಲ ಮೇಡಂ," ಎಂದು ಒಗ್ಗರಣೆ ಬೇರೆ ಹಾಕಿದ.

ಹುಡುಗಿ ಓದಿದವಳು, ಅಷ್ಟೇ ಅಲ್ಲ, ಹಿರಿಯರ ಮಾತು ನಂಬುವವಳು. ಸೂಟು ಹರಿದಾಗ ಗುಂಡುಗಳು ಜರುಗಿರಬೇಕು, ಅದಕ್ಕೇ ಅಳತೆ ತಪ್ಪಿದೆ ಎಂದುಕೊಂಡು, ಕಂಪ್ಯೂಟರಿನಲ್ಲಿ ನಾಲ್ಕು ಬೆರಳು ಸೇರಿಸಿ ಸರಿಪಡಿಸಿದಳು. ಹಾಗೆಂದು ಹೇಳಿದಳು ಕೂಡ. "ಕ್ಯಾಲಿಬ್ರೇಶನ್ ಸರಿ ಮಾಡಿದೀನಿ ಅಂಕಲ್" ಎಂಬ ಅವಳ ಮಾತಿಗೆ ಗುದ್ದಣ್ಣ ಏನೂ ತಿಳಿಯದೆ "ಒಳ್ಳೇದಾಯ್ತು ಬಿಡಮ್ಮ" ಎಂದ. ತೋಳು ತನ್ನ ಹಾಗೇ ಹೊಡೆಯುತ್ತದೆ, ಅಂದಮೇಲೆ ತನ್ನ ಹಾಗೇ ಗಾಳಿಯನ್ನೂ ಬಿಡುತ್ತದೆ ಎಂದೇ ಅವನು ನಂಬಿದ್ದ.

ತಾಲೀಮಿನ ದಿನ ಹುಡುಗಿ ತೋಳಿನ ವೇಗ ತಗ್ಗಿಸಿಟ್ಟಿದ್ದಳು. ತಾಗಿದರೂ ಮೆತ್ತಗೆ ತಾಗಲಿ ಎಂಬ ಎಚ್ಚರ. ರಬ್ಬರ್ ಮುಷ್ಟಿ ತೆವಳಿಕೊಂಡು ಬರುವುದನ್ನು ನೋಡಿದ ಬಿದ್ದಣ್ಣ, ಅದು ದವಡೆಯ ಹತ್ತಿರ ಬರುವ ಮೊದಲೇ ಬೇಸತ್ತು ಪಕ್ಕಕ್ಕೆ ಸರಿದ.

"ಇದೇನ್ ಮೇಡಂ, ಹೊಡೆಯೋಕೆ ಬರ್ತಿದೆಯೋ, ಸಾಲ ಕೇಳೋಕೆ ಬರ್ತಿದೆಯೋ? ಹೀಗೆ ಬಂದ್ರೆ ನಾನು ಬೀಳೋದು ಹೇಗೆ? ಪೂರ್ತಿ ಬಿಡಿ."

ಹುಡುಗಿ ಗುದ್ದಣ್ಣನ ಮುಖ ನೋಡಿದಳು. "ಪೂರ್ತಿ ವೇಗ ತಡ್ಕೊಳ್ತಾರಾ ಅಂಕಲ್?"

"ಮದುವೆಗೆ ಮುಂಚಿನಿಂದ ತಡ್ಕೊಂಡಿದಾನೆ. ಬಿಡಮ್ಮ."

ಹುಡುಗಿ ಬಿಟ್ಟಳು.

ತೋಳು ಹಿಂದಕ್ಕೆ ಬಾಗಿತು. ಗುದ್ದಣ್ಣನಿಗೆ ತನ್ನದೇ ಹೆಗಲನ್ನು ಬೇರೊಬ್ಬರ ಮೈಯಲ್ಲಿ ನೋಡಿದಂತಾಯಿತು. ಹೊಡೆಯುವ ಮುನ್ನ ಹೆಗಲನ್ನು ಸ್ವಲ್ಪ ಕೊಡವುವ ಅವನ ಚಾಳಿಯೂ ಅದರಲ್ಲಿತ್ತು. ಆಮೇಲೆ ಮುಷ್ಟಿ ಹೊರಟಿತು. ಬಿದ್ದಣ್ಣ ಕಣ್ಣು ಮಿಟುಕಿಸದೆ ಅದು ನಿಲ್ಲುವುದನ್ನು ಕಾಯುತ್ತಿದ್ದ.

ಅದು ನಿಲ್ಲಲಿಲ್ಲ.

ಸಿನಿಮಾದಲ್ಲಿ ಏಟಿನ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಗುದ್ದಣ್ಣ ಅಪ್ಪನ ಮನೆ ಬಿಟ್ಟ ಮೇಲೆ ನಿಜವಾದ ಸದ್ದನ್ನು ಕೇಳಿರಲಿಲ್ಲ. ಅದು ದೊಡ್ಡದಾಗಿರಲಿಲ್ಲ. ಒದ್ದೆ ಗೋಣಿಯೊಳಗೆ ಮಡಕೆ ಒಡೆದ ಹಾಗಿತ್ತು. ಬಿದ್ದಣ್ಣನ ದವಡೆ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಹೋಯಿತು. ಬಾಯಿಂದ ರಕ್ತವೂ ಅದರೊಳಗೆ ಬಿಳಿಯದೇನೋ ಎರಡು ಚೂರೂ ಹಾರಿ ನಿರ್ದೇಶಕಿಯ ಬಿಳಿ ಅಂಗಿಯ ಮೇಲೆ ಬಿದ್ದವು. ಬೀಳುವುದನ್ನೇ ಕಸುಬು ಮಾಡಿಕೊಂಡವನು ಅಂದು ಬಿದ್ದ ರೀತಿಯಲ್ಲಿ ಯಾವ ಕಸುಬೂ ಇರಲಿಲ್ಲ. ಮರ ಬಿದ್ದಂತೆ ಬಿದ್ದ. ತೋಳಿಗೆ ಅದೆಲ್ಲ ಗೊತ್ತಿಲ್ಲ. ಕಲಿಸಿದ್ದು ಮೂರು ಏಟು, ಆಗಿದ್ದು ಒಂದು. ಹೊಟ್ಟೆಯ ಏಟು ಕುಸಿಯುತ್ತಿದ್ದವನ ಕೊರಳ ಪಕ್ಕದ ಎಲುಬನ್ನು ಹುಡುಕಿಕೊಂಡಿತು. ಅದು ಮುರಿದದ್ದು ಎಲ್ಲರಿಗೂ ಕೇಳಿಸಿತು. ಹಿಂಗೈಯ ಏಟು ಖಾಲಿ ಗಾಳಿಯಲ್ಲಿ ಬೀಸಿಹೋಯಿತು. ಹುಡುಗಿ ಕೆಂಪು ಗುಂಡಿ ಒತ್ತುವ ಹೊತ್ತಿಗೆ ಯಂತ್ರ ತನ್ನ ಕೆಲಸ ಮುಗಿಸಿ, ಅಚ್ಚುಕಟ್ಟಾಗಿ ಮೊದಲಿನ ಜಾಗಕ್ಕೆ ಬಂದು ನಿಂತಿತ್ತು.

ಗುದ್ದಣ್ಣ ದೀಪದ ಸ್ಟ್ಯಾಂಡಿನ ಕಬ್ಬಿಣದ ಕೊಳವೆಯನ್ನು ಕಿತ್ತುಕೊಂಡ. ಮೊದಲ ಹೊಡೆತಕ್ಕೆ ತೋಳಿನ ಮೊಣಕೈಯ ಮುಚ್ಚಳ ಹಾರಿತು, ಎರಡನೆಯದಕ್ಕೆ ವೈರುಗಳು ಕರುಳಿನಂತೆ ಹೊರಬಿದ್ದು ಕಿಡಿ ಕಾರಿದವು. ಎಣ್ಣೆ ಅವನ ಮುಖಕ್ಕೆ ಸಿಡಿಯಿತು. ತಡೆಯಲು ಬಂದ ನಿರ್ದೇಶಕಿಯನ್ನು ಮೊಣಕೈಯಿಂದ ತಿವಿದು ಕೆಡವಿದ. ಹಳದಿ ಲೋಹ ನುಜ್ಜಾಗುವವರೆಗೆ ಬಡಿದ. ಬಡಿದಷ್ಟೂ ಯಂತ್ರಕ್ಕೆ ನೋವಾಗುತ್ತಿಲ್ಲವೆಂಬ ಸಿಟ್ಟು ಹೆಚ್ಚಿತು. ಆಗ ಅವನಿಗೆ ಹುಡುಗಿ ಕಂಡಳು. ಕಂಪ್ಯೂಟರಿನ ಮೇಜಿನ ಹಿಂದೆ ಗೋಡೆಗಂಟಿ ನಿಂತಿದ್ದಳು. ಕೊಳವೆ ಎತ್ತಿಕೊಂಡು ನುಗ್ಗಿ, ಅವಳ ತಲೆಗೆ ಗುರಿಯಿಟ್ಟು ಬೀಸಿಯೇಬಿಟ್ಟ.

ಕೊಳವೆ ಅವಳ ಕಿವಿಯ ಪಕ್ಕ ನಿಂತಿತು. ನಾಲ್ಕು ಬೆರಳು ದೂರದಲ್ಲಿ.

ಅವನು ನಿಲ್ಲಿಸಿರಲಿಲ್ಲ, ಕೈ ನಿಂತಿತ್ತು. ಕೊಲ್ಲುವುದಕ್ಕೇ ಹೊರಟ ಕೈ ಇಷ್ಟು ವರ್ಷದ ಅಭ್ಯಾಸವನ್ನು ಮೀರಲಾರದೆ ಹೋಗಿತ್ತು. ಹುಡುಗಿ ಆ ಸಂದನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಸಂದನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ತಾಗಲ್ಲ, ಅಲ್ವಾ?" ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. "ಒಂದು ಸಲಾನೂ ತಾಗಿಲ್ಲ. ಕೇಳಿದೆನಲ್ಲ ಅಂಕಲ್ ನಾನು. ಬಾಯಿ ಬಿಟ್ಟು ಕೇಳಿದೆನಲ್ಲ!"

ಕೊಳವೆ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ಹೆಂಡತಿ ಬಂದಾಗ ಗುದ್ದಣ್ಣ ಬೆಂಚಿನ ಮೇಲೆ ಎಣ್ಣೆಮುಖ ಹೊತ್ತು ಕೂತಿದ್ದ. ನಡೆದದ್ದನ್ನು ಅವಳಿಗೆ ಇದ್ದ ಹಾಗೇ ಹೇಳಿದ; ಮೀಸೆ ತಿರುವಿದ್ದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೈಯಲ್ಲಿದ್ದ ಕೊಡೆಯಿಂದ ಬಾರಿಸಿದಳು. ಕೊಡೆಯ ಕಡ್ಡಿ ಮುರಿಯುವವರೆಗೂ ಬಾರಿಸಿದಳು. ನರ್ಸ್ ಓಡಿಬಂದು ಹಿಡಿದುಕೊಂಡಾಗ ಅವನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

"ತಾಗ್ತಾ?" ಎಂದಳು ಏದುಸಿರು ಬಿಡುತ್ತಾ.

"ತಾಗ್ತು ಕಣೆ."

"ಹಾಗೆ ಹೇಳೋದನ್ನ ಕಲೀರಿ. ತಾಗಿದ್ದಕ್ಕೆ ತಾಗ್ತು, ತಾಗದ್ದಕ್ಕೆ ತಾಗಲಿಲ್ಲ. ಅಷ್ಟೇ ಕೆಲಸ ಇದ್ದದ್ದು ನಿಮಗೆ."

ಬಿದ್ದಣ್ಣನ ದವಡೆಗೆ ತಂತಿ ಕಟ್ಟಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಬೀಗ ಹಾಕಿದರು. ಕೊಳವೆಯಲ್ಲಿ ಗಂಜಿ ಕುಡಿದು ಅವನು ಅರ್ಧವಾದ. ಭಾವನ ಮೇಲೆ ಸಿಟ್ಟು ಮಾಡಲಿಲ್ಲ. "ನಾನೂ ದವಡೆ ಸವರಿಕೊಂಡಿದ್ದೆನಲ್ಲ ಭಾವ," ಎಂದು ಬೀಗ ಹಾಕಿದ ಹಲ್ಲುಗಳ ಸಂದಿಯಿಂದ ಹೇಳಿದ. ಆದರೆ ಕೊರಳ ಎಲುಬು ಕೂಡಿ, ಕೈ ಎತ್ತುವಷ್ಟಾದ ಮೇಲೆ ಇಬ್ಬರೂ ಗುಂಪಿನ ಅಂಗಳಕ್ಕೆ ಹೋಗಿ ಎದುರುಬದುರು ನಿಂತಾಗ ಬೇರೆಯೇ ಕಥೆಯಾಯಿತು. ಗುದ್ದಣ್ಣ ಹೆಗಲು ಕೊಡವಿದ್ದೇ ತಡ, ಬಿದ್ದಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟ. ಮತ್ತೆ ಮಾಡಿದರೂ ಹಾಗೇ. ಮುಷ್ಟಿ ಹೊರಡುವುದಕ್ಕೂ ಮೊದಲೇ ಅವನು ನೆಲದ ಮೇಲಿರುತ್ತಿದ್ದ. ಸುತ್ತ ನಿಂತ ಗುಂಪಿನವರು ಬೇರೆ ಕಡೆ ನೋಡಿದರು.

"ಅದು ಬರುವಾಗ ನಾನು ನೋಡ್ತಾನೇ ಇದ್ದೆ ಭಾವ," ಎಂದ ಬಿದ್ದಣ್ಣ, ಕುಕ್ಕರುಗಾಲಿನಲ್ಲಿ ಕೂತೇ. "ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ನೋಡ್ತಾನೇ ಇದ್ದೆ. ನಿಮ್ಮ ಕೈ ಅಲ್ವಾ ಅದು."

ಬಿದ್ದಣ್ಣನಿಲ್ಲದೆ ಗುದ್ದಣ್ಣನ ಮುಷ್ಟಿಗೆ ಅರ್ಥವಿರಲಿಲ್ಲ. ಬೇರೆ ಯಾವನ ಮುಖದ ಮುಂದೆ ಎತ್ತಿದರೂ ಅದು ಬರೀ ಐದು ಬೆರಳಿನ ಗಂಟು. ಬಿದ್ದಣ್ಣನಿಗೋ ಬೀಳುವುದೊಂದು ಬಿಟ್ಟರೆ ಬೇರೆ ಕಸುಬಿರಲಿಲ್ಲ.

"ಏನು ಮಾಡಿದ್ರೆ ಮತ್ತೆ ನಿಲ್ತೀಯೋ?"

"ನನ್ನ ಜಾಗದಲ್ಲಿ ಒಂದ್ಸಲ ನೀವು ನಿಂತು ನೋಡಿ. ಆಮೇಲೆ ಮಾತಾಡೋಣ."

ಗುದ್ದಣ್ಣ ನಿರ್ದೇಶಕಿಯ ಹಾಲಿಗೆ ಹೋದ. ಅಲ್ಲಿ ಹುಡುಗಿ ತೋಳಿನ ಹೊಟ್ಟೆ ಬಗೆದು ವೈರು ಜೋಡಿಸುತ್ತಿದ್ದಳು. ಅವನನ್ನು ಕಂಡವಳೇ ಸ್ಕ್ರೂಡ್ರೈವರನ್ನು ಚಾಕುವಿನಂತೆ ಹಿಡಿದುಕೊಂಡಳು. ಅವನು ದೂರದಲ್ಲೇ ನಿಂತು ಗಾಳಿಯ ಗುಟ್ಟನ್ನೆಲ್ಲ ಹೇಳಿ, ಪ್ರದರ್ಶನದ ದಿನ ತೋಳಿನ ಮುಂದೆ ತಾನೇ ನಿಲ್ಲುತ್ತೇನೆಂದ. ಗುಂಪಿನ ಕಟ್ಟುಪಾಡು ಅಂದಿಗೆ ಮುರಿಯಿತು. ಹುಡುಗಿ ಸ್ಕ್ರೂಡ್ರೈವರನ್ನು ಇಳಿಸಲಿಲ್ಲ, ಆದರೆ ಕೇಳಿಸಿಕೊಂಡಳು.

"ಸೇರಿಸಿದ ನಾಲ್ಕು ಬೆರಳನ್ನ ತೆಗೀತೀನಿ," ಎಂದಳು ಕೊನೆಗೆ. "ನನ್ನ ಲೆಕ್ಕ ಇನ್ನೊಂದ್ಸಲ ತಪ್ಪಿದ್ರೆ?"

"ತಪ್ಪಿದ್ರೆ ನನ್ನ ದವಡೆ ತಾನೇ ಹೋಗೋದು."

"ಅದಕ್ಕೇ ಕೇಳಿದ್ದು," ಎಂದಳು ಹುಡುಗಿ ಖಾರವಾಗಿ. "ನನಗೇನೂ ಬೇಜಾರಿಲ್ಲ."

ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ಹಿಂದಿನ ತಾಲೀಮಿನಲ್ಲಿ ಒಬ್ಬನ ದವಡೆ ಹೋಗಿದೆ ಎಂಬ ಸುದ್ದಿ ಹಬ್ಬಿ, ಕಲೆಯಲ್ಲಿ ಆಸಕ್ತಿ ಇಲ್ಲದವರೂ ಬಂದಿದ್ದರು. ಗೋಡೆಯ ಮೇಲೆ ಎಲ್ಲರ ಹೆಸರೂ ಒಂದೇ ಅಳತೆಯಲ್ಲಿದ್ದವು. ಮುಂದಿನ ಸಾಲಿನಲ್ಲಿ ಬಿದ್ದಣ್ಣ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಅಕ್ಕನ ಪಕ್ಕ ಕೂತಿದ್ದ. ಗುದ್ದಣ್ಣ ದಿನಬಳಕೆಯ ಅಂಗಿಯಲ್ಲೇ ಬಂದು, ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿದ್ದ ಜಾಗದಲ್ಲಿ ಜನರಿಗೆ ಬೆನ್ನು ಹಾಕಿ ನಿಂತ. ರಕ್ತವನ್ನು ತೊಳೆದಿದ್ದರೂ ಸಿಮೆಂಟಿನಲ್ಲಿ ಕಂದು ಕಲೆ ಉಳಿದಿತ್ತು.

ಮೋಟಾರು ಗುಂಯ್ ಎಂದಿತು. ಆ ಸದ್ದು ಹಿಂದಕ್ಕೆ ಸರಿದು, ಅರೆಗಳಿಗೆ ತಡೆದು, ಒಮ್ಮೆಲೇ ಚೀರಿತು. ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ದವಡೆಯ ಮೇಲೆ ತಣ್ಣಗೆ ಗಾಳಿ ಬಡಿದು, ಕೂದಲು ಅಲುಗಿತು. ಗುದ್ದಣ್ಣನ ಮೈಯ ಒಂದೊಂದು ಎಲುಬೂ ತಾನು ಎಲ್ಲಿದ್ದೇನೆಂದು ಕೂಗಿ ಹೇಳಿತು. ಹೊಟ್ಟೆಯ ಏಟು ಅಂಗಿಯ ಗುಂಡಿಯನ್ನು ಬೀಸಣಿಗೆ ಬೀಸಿದಂತೆ ದಾಟಿತು. ಕಿವಿಯಲ್ಲಿ ಅಪ್ಪನ ಬೆಲ್ಟು ಸುಂಯ್ ಎಂದಂತಾಗಿ ಅವನ ತೊಡೆ ಒದ್ದೆಯಾಯಿತೇನೋ ಎಂಬ ಭಯವಾಯಿತು, ಬರೀ ಬೆವರು. ಹಿಂಗೈಯ ಏಟು ಕೆನ್ನೆಯ ಪಕ್ಕದಿಂದ ಹಾದುಹೋಯಿತು. ಮೋಟಾರು ಸುಮ್ಮನಾಯಿತು. ಅವನು ಕಂಬದ ಹಾಗೆ ನಿಂತೇ ಇದ್ದ. ಬೀಳುವುದಿರಲಿ, ಅಲುಗಿಯೂ ಇರಲಿಲ್ಲ.

ಚಪ್ಪಾಳೆ ನಿಲ್ಲುವುದಕ್ಕೆ ಬಹಳ ಹೊತ್ತಾಯಿತು. ನಿರ್ದೇಶಕಿ ಮೈಕು ಕೈಗೆತ್ತಿಕೊಂಡಳು. "ತನ್ನದೇ ಹಿಂಸೆಯ ಎದುರು ನಿಂತು, ಅದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮನುಷ್ಯನನ್ನು ನೀವೀಗ ಕಂಡಿರಿ," ಎಂದಳು. ಮತ್ತೆ ಚಪ್ಪಾಳೆ. ಯಾರಾದರೂ ಪ್ರಶ್ನೆ ಕೇಳಬಹುದೆಂದಾಗ ಗಡ್ಡದವರೂ ಕನ್ನಡಕದವರೂ ಕೈಯೆತ್ತಿದರು. ಆದರೆ ಬಿದ್ದಣ್ಣ ಎದ್ದು ನಿಂತಿದ್ದ. ಮೈಕು ಅವನ ಕೈಗೆ ಹೋಯಿತು. ಗುದ್ದಣ್ಣನ ಕೈ ಮೀಸೆಯ ಕಡೆಗೆ ಅರ್ಧ ಏರಿ, ಅಲ್ಲೇ ತಡೆದು, ಕೆಳಗಿಳಿಯಿತು.

"ಭಾವ," ಎಂದ ಬಿದ್ದಣ್ಣ. ಹೊಸ ದವಡೆಯಲ್ಲಿ ಮಾತು ಇನ್ನೂ ಸ್ವಲ್ಪ ಸೊಟ್ಟಗೆ ಬರುತ್ತಿತ್ತು. "ಮುಷ್ಟಿ ಮುಖದ ಹತ್ರ ಬಂತಲ್ಲ, ಆಗ ನಿಮಗೆ ಏನು ಕಾಣಿಸ್ತು?"

"ಏನೂ ಕಾಣಿಸ್ಲಿಲ್ಲ ಕಣೋ," ಎಂದ ಗುದ್ದಣ್ಣ. "ಕಣ್ಣು ಮುಚ್ಕೊಂಡಿದ್ದೆ."